ಚಾವಟಿ ಬೀಸುವ ಅಣುಜೀವಿಯ ಚರಿತ್ರೆ



ಅಮೀಬಾಕ್ಕೆ ಮಿಥ್ಯಾಪಾದ, ಪ್ಯಾರಮೀಸಿಯಮ್‌ಗೆ ಲೋಮಾಂಗ, ಯೂಗ್ಲೀನಾಕ್ಕೆ ಕಶಾಂಗ ಎಂದು ನಾನು ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ಕಶಾಂಗವನ್ನು ಆಡಿಸುವ ಶಕ್ತಿ ಯಾವುದು ಎಂಬ ಪ್ರಶ್ನೆಗೆ ನಮ್ಮ ಪಠ್ಯಪುಸ್ತಕದಲ್ಲಿ ಎಡೆಯಿರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಓದಿ ತಿಳಿದುದನ್ನು ಇಲ್ಲಿ ನಿರೂಪಿಸುತ್ತಿದ್ದೇನೆ.

1843ರಲ್ಲಿ ಡೇವಿಡ್ ಗ್ರೂಬಿ ಎಂಬ ವೈದ್ಯ ಕಪ್ಪೆಯ ರಕ್ತದಲ್ಲಿ ಸುರುಳಿಸುರುಳಿಯಾಗಿ ಈಜುವ ಏಕಕೋಶ ಜೀವಿಯೊಂದನ್ನು ಕಂಡು, ಬೈರಿಗೆ ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಟ್ರಿಪನೊಸೋಮ ಎಂದು ಹೆಸರಿಟ್ಟನು. 1880ರಲ್ಲಿ, ಆಗಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ, ಪಶುವೈದ್ಯ ಗ್ರಿಫಿತ್ ಇವಾನ್ಸ್ ಸರ್ರಾ ರೋಗಕ್ಕೆ ತುತ್ತಾದ ಕುದುರೆ, ಒಂಟೆಗಳ ರಕ್ತದಲ್ಲಿ ಇಂಥದೇ ಜೀವಿಯನ್ನು ಕಂಡನು. ರೋಗಕ್ಕೆ ಇದೇ ಕಾರಣವೆಂದು ಆತ ಸಾರಿದಾಗ ಸಮಕಾಲೀನ ತಜ್ಞರು ಒಪ್ಪಲಿಲ್ಲ. ಇವಾನ್ಸ್ ನೂರು ವರ್ಷ ಬಾಳಿ 1935ರಲ್ಲಿ ತೀರಿಕೊಂಡನು; ತನ್ನ ಮಾತು ನಿಜವಾದುದನ್ನು ಕಣ್ಣಾರೆ ಕಂಡೇ ಹೋದನು. ನಮ್ಮ ದೇಶದ ಜಾನುವಾರುಗಳನ್ನು ಇಂದಿಗೂ ಕಾಡುವ ಆ ಪರೋಪಜೀವಿಗೆ ಅವನದೇ ಹೆಸರಿದೆ.

ಮುಂದೆ ಡೇವಿಡ್ ಬ್ರೂಸ್ 1895ರ ಸುಮಾರಿಗೆ ಆಫ್ರಿಕದ ಜುಲುಲ್ಯಾಂಡಿನಲ್ಲಿ ದನಗಳ ನಗಾನ ರೋಗಕ್ಕೂ ತ್ಸೆತ್ಸೆ ನೊಣಕ್ಕೂ ಇರುವ ನಂಟನ್ನು ತೋರಿಸಿದನು. ಮನುಷ್ಯರ ನಿದ್ರಾರೋಗವೂ ಈ ಕುಲದ ಜೀವಿಯದೇ ಕೃತ್ಯವೆಂದು ಕೆಲವೇ ವರ್ಷಗಳಲ್ಲಿ ತಿಳಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉಗಾಂಡದಲ್ಲಿ ಈ ರೋಗದಿಂದ 2 ಲಕ್ಷಕ್ಕೂ ಹೆಚ್ಚು ಜನ ಮಡಿದರೆಂದು ಅಂದಾಜು.

ರೋಗಾಣು ಸಿಕ್ಕಿತು, ಅದರ ಚಾವಟಿಯ ಗುಟ್ಟು ಸಿಕ್ಕಿರಲಿಲ್ಲ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕಶಾಂಗದ ಒಳರಚನೆಯನ್ನು ತೆರೆದಿಟ್ಟಿತು: ಸುತ್ತಲೂ ಒಂಬತ್ತು ಜೋಡಿ ಸೂಕ್ಷ್ಮನಾಳಗಳು, ನಡುವೆ ಎರಡು. ಇಯಾನ್ ಗಿಬ್ಬನ್ಸ್ ಈ ಜೋಡಿಗಳಿಂದ ಚಾಚಿಕೊಂಡಿರುವ ತೋಳುಗಳ ಪ್ರೋಟೀನನ್ನು ಬೇರ್ಪಡಿಸಿ, 1965ರಲ್ಲಿ ಅದನ್ನು ಡೈನೀನ್ ಎಂದು ಕರೆದನು. ಜೀವಕೋಶದ ಇಂಧನವಾದ ಎಟಿಪಿಯನ್ನು ವ್ಯಯಿಸುತ್ತ ಈ ತೋಳು ಪಕ್ಕದ ನಾಳವನ್ನು ಹಿಡಿದು ಜಾರಿಸುತ್ತದೆ. ನಾಳಗಳು ಒಂದಕ್ಕೊಂದು ಬಂಧಿತವಾಗಿರುವುದರಿಂದ ಆ ಜಾರಿಕೆಯು ಬಾಗುವಿಕೆಯಾಗಿ ಮಾರ್ಪಡುತ್ತದೆ. ಬಾಗಿನ ಮೇಲೆ ಬಾಗು ಸಾಗಿದರೆ ಅದೇ ಅಲೆ.

ಎಲ್ಲ ತೋಳುಗಳೂ ಒಮ್ಮೆಗೇ ಎಳೆದರೆ ಕಶಾಂಗವು ಎತ್ತಲೂ ಬಾಗದು. ಆದುದರಿಂದ ಹಗ್ಗಜಗ್ಗಾಟಕ್ಕೆ ನಿರ್ಣಾಯಕರಿದ್ದಂತೆ ಇಲ್ಲಿಯೂ ನಿಯಂತ್ರಕ ಪ್ರೋಟೀನುಗಳಿವೆ. ನಿದ್ರಾರೋಗದ ಟ್ರಿಪನೊಸೋಮದಲ್ಲಿ ಅಲೆಯು ಸಾಮಾನ್ಯವಾಗಿ ಕಶಾಂಗದ ತುದಿಯಿಂದ ಬುಡದತ್ತ ಸಾಗಿ ಜೀವಿಯನ್ನು ಮುಂದಕ್ಕೆ ಎಳೆಯುತ್ತದೆ. 2002ರಲ್ಲಿ ಟ್ರಿಪನಿನ್ ಎಂಬ ಪ್ರೋಟೀನನ್ನು ಇಲ್ಲವಾಗಿಸಿದಾಗ ಜೀವಿಯು ದಿಕ್ಕುತಪ್ಪಿ ಇದ್ದಲ್ಲೇ ಹೊರಳಾಡಿತು. 2007ರಲ್ಲಿ ಡೈನೀನಿನ ಎಲ್‌ಸಿ1 ಎಂಬ ಚಿಕ್ಕ ಘಟಕವನ್ನು ಕುಗ್ಗಿಸಿದಾಗ ಅಲೆಯೇ ತಿರುಗಿಬಿದ್ದು, ಜೀವಿಯು ಹಿಮ್ಮುಖವಾಗಿ ಈಜಿತು!

ಈ ಚಲನೆ ಕೇವಲ ವಿಹಾರವಲ್ಲ. 2006ರ ಪ್ರಯೋಗಗಳಲ್ಲಿ, ರಕ್ತದಲ್ಲಿ ಬಾಳುವ ಟ್ರಿಪನೊಸೋಮದ ಕಶಾಂಗವನ್ನು ಕೆಡಿಸಿದಾಗ ಅದು ಸರಿಯಾಗಿ ವಿಭಜನೆಗೊಳ್ಳಲಾರದೆ ಸತ್ತುಹೋಯಿತು. ಈಜುವಾಗಿನ ದ್ರವದ ಹರಿವು ಮೈಗಂಟಿದ ಪ್ರತಿಕಾಯಗಳನ್ನು ಹಿಂದಕ್ಕೆ ತಳ್ಳುತ್ತದೆ, ಅಲ್ಲಿ ಜೀವಿಯು ಅವನ್ನು ನುಂಗಿಬಿಡುತ್ತದೆ ಎಂಬುದು 2007ರಲ್ಲಿ ತಿಳಿಯಿತು. ಚಾವಟಿಯೇ ಅದರ ಗುರಾಣಿಯೂ ಹೌದು.

ಹಾಗಾದರೆ ಚಾವಟಿಯನ್ನು ನಿಲ್ಲಿಸುವ ಔಷಧವೇಕಾಗದು? ತೊಡಕು ಇಲ್ಲಿದೆ: ನಮ್ಮ ಶ್ವಾಸನಾಳದ ಲೋಮಾಂಗಗಳೂ ವೀರ್ಯಾಣುವಿನ ಬಾಲವೂ ಇದೇ ಡೈನೀನ್ ತತ್ತ್ವದಿಂದಲೇ ಆಡುತ್ತವೆ. ವೈರಿಯಲ್ಲಿ ಮಾತ್ರ ಇರುವ ಪ್ರೋಟೀನನ್ನು ಹುಡುಕಬೇಕು. 2018ರಿಂದೀಚೆಗೆ ನಿದ್ರಾರೋಗದ ವರದಿಯಾದ ಪ್ರಕರಣಗಳು ವರ್ಷಕ್ಕೆ ಸಾವಿರಕ್ಕಿಂತ ಕಡಿಮೆಯಾಗಿರುವುದು ಸಂತಸದ ಸಂಗತಿ. ಅದು ತಪಾಸಣೆ, ಚಿಕಿತ್ಸೆ, ನೊಣ ನಿಯಂತ್ರಣಗಳ ಫಲ.

ಕಪ್ಪೆಯ ರಕ್ತವನ್ನು ಕುತೂಹಲದಿಂದ ನೋಡಿದ ಕಣ್ಣಿಗೂ ಈ ಫಲಕ್ಕೂ ನಡುವೆ ನೂರಎಪ್ಪತ್ತೈದು ವರ್ಷಗಳ ಅಂತರವಿದೆ. ನಿಮ್ಮ ಮಕ್ಕಳು, ಮೊಮ್ಮಕ್ಕಳು "ಇದು ಹೇಗೆ ಆಡುತ್ತದೆ?" ಎಂದು ಕೇಳಿದಾಗ, ದಯವಿಟ್ಟು ಪರೀಕ್ಷೆಗೆ ಬೇಡವೆಂದು ಸುಮ್ಮನಾಗಿಸಬೇಡಿ.