ಟೈಮ್‌ಶೇರ್ ಸದಸ್ಯತ್ವದಿಂದ ನಿರ್ಗಮನ

ಟೈಮ್‌ಶೇರ್ ಸದಸ್ಯತ್ವದಿಂದ ನಿರ್ಗಮನ ಎಂದರೆ, ರೆಸಾರ್ಟ್‌ಗಳಲ್ಲಿ ಪ್ರತಿವರ್ಷ ನಿಗದಿತ ದಿನಗಳ ಕಾಲ ತಂಗುವ ಹಕ್ಕನ್ನು ದೀರ್ಘಾವಧಿಗೆ ಕೊಂಡ ವ್ಯಕ್ತಿಯು ಅವಧಿ ಮುಗಿಯುವ ಮೊದಲೇ ಆ ಒಪ್ಪಂದದಿಂದ ಹೊರಬರುವ ಪ್ರಕ್ರಿಯೆ. ಇದನ್ನು ರಜಾ ಸದಸ್ಯತ್ವದ ರದ್ದತಿ ಎಂದೂ ಕರೆಯುತ್ತಾರೆ. ಭಾರತದಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಆದ್ದರಿಂದ ಇಂತಹ ವಿವಾದಗಳು ಮುಖ್ಯವಾಗಿ ಭಾರತೀಯ ಕರಾರು ಕಾಯ್ದೆ, 1872 ಮತ್ತು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ತೀರ್ಮಾನವಾಗುತ್ತವೆ.

ಹಿನ್ನೆಲೆ

ಟೈಮ್‌ಶೇರ್ ಪದ್ಧತಿಯು 1960ರ ದಶಕದಲ್ಲಿ ಯೂರೋಪಿನಲ್ಲಿ ಆರಂಭವಾಯಿತು. ಭಾರತದಲ್ಲಿ ಸ್ಟರ್ಲಿಂಗ್ ಹಾಲಿಡೇ ರೆಸಾರ್ಟ್ಸ್ 1986ರಲ್ಲಿಯೂ ಮಹೀಂದ್ರಾ ಹಾಲಿಡೇಸ್ ಅಂಡ್ ರೆಸಾರ್ಟ್ಸ್ 1996ರಲ್ಲಿಯೂ ಸ್ಥಾಪನೆಯಾದವು. ಕರ್ನಾಟಕದಲ್ಲಿ ಕೊಡಗು ಈ ಬಗೆಯ ರೆಸಾರ್ಟ್‌ಗಳಿರುವ ಪ್ರಮುಖ ಜಿಲ್ಲೆಯಾಗಿದೆ. ಸದಸ್ಯತ್ವದ ಅವಧಿ ಯೋಜನೆಯಿಂದ ಯೋಜನೆಗೆ ಬದಲಾಗುತ್ತದೆ. 25 ವರ್ಷಗಳ ಯೋಜನೆ ಹೆಚ್ಚು ಪರಿಚಿತವಾದುದು.

ಹಕ್ಕಿನ ಸ್ವರೂಪ

ಹೆಚ್ಚಿನ ಯೋಜನೆಗಳಲ್ಲಿ ಸದಸ್ಯನಿಗೆ ದೊರೆಯುವುದು ಬಳಕೆಯ ಹಕ್ಕು ಮಾತ್ರ. ಕೊಠಡಿಯ ಅಥವಾ ಭೂಮಿಯ ಒಡೆತನವಲ್ಲ. ಜಮೀನಿಗೆ ಪಹಣಿ, ನಿವೇಶನಕ್ಕೆ ಖಾತೆ ಇರುವಂತೆ ಈ ಹಕ್ಕಿಗೆ ಸರ್ಕಾರಿ ದಾಖಲೆ ಇರುವುದಿಲ್ಲ. ಅದರ ಅಸ್ತಿತ್ವವು ಸಂಸ್ಥೆಯೊಂದಿಗಿನ ಒಪ್ಪಂದಪತ್ರವನ್ನು ಅವಲಂಬಿಸಿದೆ. ಆದಕಾರಣ ಮಾರಾಟ, ವರ್ಗಾವಣೆ ಮತ್ತು ರದ್ದತಿ ಮೂರೂ ಆ ಪತ್ರದ ಷರತ್ತುಗಳಿಗೆ ಒಳಪಡುತ್ತವೆ. ಸದಸ್ಯನು ತನ್ನನ್ನು ಮಾಲೀಕನೆಂದು ಭಾವಿಸಿರುವುದೂ ಒಪ್ಪಂದವು ಅವನನ್ನು ಬಳಕೆದಾರನೆಂದು ಕಾಣುವುದೂ ನಿರ್ಗಮನದ ಬಹುತೇಕ ತೊಡಕುಗಳಿಗೆ ಮೂಲವಾಗಿದೆ.

ಪ್ರಮುಖ ತೊಡಕುಗಳು

ವಾರ್ಷಿಕ ಶುಲ್ಕ: ಸದಸ್ಯತ್ವದ ಬೆಲೆಯಲ್ಲದೆ ಪ್ರತಿವರ್ಷ ನಿರ್ವಹಣಾ ಶುಲ್ಕವನ್ನು ಪಾವತಿಸಬೇಕಾಗುತ್ತದೆ. ಆ ವರ್ಷ ಪ್ರವಾಸ ಮಾಡದಿದ್ದರೂ ಸಾಮಾನ್ಯವಾಗಿ ಈ ಶುಲ್ಕ ತಪ್ಪುವುದಿಲ್ಲ. ಬಾಕಿ ಇರುವಾಗ ಕೊಠಡಿ ಕಾಯ್ದಿರಿಸಲು ಅವಕಾಶವಿಲ್ಲದಿರಬಹುದು. ವರ್ಗಾವಣೆಗೂ ಬಾಕಿ ತೀರಿಸುವುದು ಅಗತ್ಯವಾಗಬಹುದು.

ಹಣ ಹಿಂತಿರುಗಿಸುವಿಕೆ: ಒಪ್ಪಂದಗಳಲ್ಲಿ ಸಹಿಯಾದ ನಂತರದ ಕೆಲವು ದಿನಗಳನ್ನು ರದ್ದತಿಗೆ ಮೀಸಲಿಡುವ ರೂಢಿಯಿದೆ. ಆ ಗಡುವು ಮೀರಿದ ಮೇಲೆ ಪ್ರವೇಶ ಶುಲ್ಕವನ್ನು ಮುಟ್ಟುಗೋಲು ಹಾಕಿಕೊಂಡು ಉಳಿದ ಮೊತ್ತದ ಒಂದು ಭಾಗವನ್ನು ಮಾತ್ರ ಹಿಂತಿರುಗಿಸುವ, ಅಥವಾ ಏನನ್ನೂ ಹಿಂತಿರುಗಿಸದಿರುವ ಷರತ್ತುಗಳಿರುತ್ತವೆ.

ಸಾಲದ ಕಂತು: ಸದಸ್ಯತ್ವವನ್ನು ಸಾಲದ ಮೂಲಕ ಕೊಂಡಿದ್ದರೆ, ಸಾಲ ನೀಡಿದ ಸಂಸ್ಥೆಯೊಂದಿಗಿನ ಕರಾರು ಪ್ರತ್ಯೇಕವಾಗಿರುತ್ತದೆ. ರೆಸಾರ್ಟ್ ಸಂಸ್ಥೆಗೆ ರದ್ದತಿ ಪತ್ರ ಕೊಟ್ಟ ಮಾತ್ರಕ್ಕೆ ಕಂತು ನಿಲ್ಲುವುದಿಲ್ಲ. ಕಂತು ತಪ್ಪಿದಲ್ಲಿ ಸದಸ್ಯನ ಸಾಲಯೋಗ್ಯತೆಯ ಅಂಕ ಕುಸಿಯುತ್ತದೆ. ಡಿಜಿಟಲ್ ಸಾಲಗಳಿಗೆ ಮರುಚಿಂತನೆಯ ಅವಧಿ ನೀಡಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2022ರ ಮಾರ್ಗಸೂಚಿಯಲ್ಲಿ ವಿಧಿಸಿದೆ.

ಮರುಮಾರಾಟ: ಹಳೆಯ ಸದಸ್ಯತ್ವಗಳಿಗೆ ಕೊಳ್ಳುವವರು ವಿರಳ. ವರ್ಗಾವಣೆಗೆ ಸಂಸ್ಥೆಯ ಒಪ್ಪಿಗೆ ಮತ್ತು ಶುಲ್ಕ ಬೇಕಾಗುತ್ತದೆ. ಈ ಕಷ್ಟವನ್ನು ಬಳಸಿಕೊಂಡು, ಕೊಳ್ಳುವವರು ಸಿದ್ಧರಿದ್ದಾರೆಂದು ನಂಬಿಸಿ ತೆರಿಗೆ ಅಥವಾ ಸಂಸ್ಕರಣಾ ಶುಲ್ಕದ ಹೆಸರಿನಲ್ಲಿ ಮುಂಗಡ ಹಣ ಪಡೆದು ಕಣ್ಮರೆಯಾಗುವ ವಂಚನೆಗಳು ನಡೆಯುತ್ತವೆ. ಆನ್‌ಲೈನ್ ಆರ್ಥಿಕ ವಂಚನೆಯ ದೂರಿಗೆ ರಾಷ್ಟ್ರೀಯ ಸಹಾಯವಾಣಿ 1930 ಇದೆ.

ಸದಸ್ಯನ ಮರಣ: ನಾಮನಿರ್ದೇಶನ ಮತ್ತು ವಾರಸುದಾರರಿಗೆ ವರ್ಗಾವಣೆಯ ಕ್ರಮವನ್ನು ಒಪ್ಪಂದವೇ ನಿಗದಿಪಡಿಸುತ್ತದೆ. ಮೃತರ ಬಾಕಿಗೆ ವಾರಸುದಾರರು ತಮಗೆ ಬಂದ ಆಸ್ತಿಯ ಮಿತಿಯಲ್ಲಿ ಮಾತ್ರ ಹೊಣೆಯಾಗುತ್ತಾರೆ.

ಕಾನೂನಿನ ರಕ್ಷಣೆ

ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕರಾರು ಮುರಿದಾಗ ತೆರಬೇಕಾದ ಮೊತ್ತವನ್ನು ಪತ್ರದಲ್ಲಿ ಮೊದಲೇ ನಮೂದಿಸಿದ್ದರೂ, ಆ ಮಿತಿಯೊಳಗೆ ನ್ಯಾಯೋಚಿತವಾದ ಪರಿಹಾರಕ್ಕೆ ಮಾತ್ರ ಅವಕಾಶವಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯ 2(46)ನೇ ಸೆಕ್ಷನ್ ಅನ್ಯಾಯಕರ ಕರಾರಿನ ವ್ಯಾಖ್ಯೆ ನೀಡುತ್ತದೆ. ನಷ್ಟಕ್ಕೆ ಹೋಲಿಸಿದರೆ ಅತಿಯಾದ ದಂಡ, ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಕರಾರು ಕೊನೆಗೊಳಿಸುವ ಅಧಿಕಾರ, ಗ್ರಾಹಕನ ಮೇಲೆ ಹೇರಿದ ಅಸಮಂಜಸ ಶುಲ್ಕ ಅಥವಾ ಹೊಣೆ ಇವು ಅದರ ವ್ಯಾಪ್ತಿಗೆ ಬರುತ್ತವೆ. ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ (2019) ಸರ್ವೋಚ್ಚ ನ್ಯಾಯಾಲಯವು, ಬಿಲ್ಡರ್ ಸಿದ್ಧಪಡಿಸಿದ ಏಕಪಕ್ಷೀಯ ಷರತ್ತುಗಳಿಗೆ ಮನೆ ಕೊಂಡವರನ್ನು ಕಟ್ಟಿಹಾಕಲಾಗದು ಎಂದು ತೀರ್ಪಿತ್ತಿತು. ಅದು ವಸತಿಗೆ ಸಂಬಂಧಿಸಿದ ಪ್ರಕರಣವಾದರೂ, ಸಹಿ ಇದೆ ಎಂಬ ಒಂದೇ ಕಾರಣದಿಂದ ಷರತ್ತು ನ್ಯಾಯಸಮ್ಮತವಾಗುವುದಿಲ್ಲ ಎಂಬ ತತ್ತ್ವ ಇಲ್ಲಿಯೂ ಪ್ರಸ್ತುತವಾಗಿದೆ.

ಒಪ್ಪಂದದಲ್ಲಿ ಮಧ್ಯಸ್ಥಿಕೆ ಷರತ್ತು ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬುದು 2018ರ ಎಮ್ಮಾರ್ ಎಂಜಿಎಫ್ ಪ್ರಕರಣದಿಂದ ಸ್ಥಿರಪಟ್ಟಿದೆ.

ದೂರು ಸಲ್ಲಿಸುವ ಸ್ಥಳ ಮತ್ತು ಕಾಲಮಿತಿ

2019ರ ಕಾಯ್ದೆಯು ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅನುಮತಿಸುತ್ತದೆ. ಉದಾಹರಣೆಗೆ, ಕೋಲಾರ ತಾಲ್ಲೂಕಿನ ಸುಗಟೂರಿನ ನಿವಾಸಿಯು ಬೆಂಗಳೂರಿನ ಮಾರಾಟ ಸಭೆಯಲ್ಲಿ ಸಹಿ ಹಾಕಿದ್ದರೂ, ರೆಸಾರ್ಟ್ ಕೊಡಗಿನಲ್ಲಿದ್ದು ಸಂಸ್ಥೆಯ ಕಚೇರಿ ಹೊರರಾಜ್ಯದಲ್ಲಿದ್ದರೂ, ಕೋಲಾರದ ಜಿಲ್ಲಾ ಗ್ರಾಹಕ ಆಯೋಗವನ್ನು ಸಮೀಪಿಸಬಹುದು. ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಜಿಲ್ಲಾ ಆಯೋಗಕ್ಕೆ ಬರುತ್ತವೆ. 5 ಲಕ್ಷದವರೆಗೆ ಶುಲ್ಕವಿಲ್ಲ. ವ್ಯಾಜ್ಯಕಾರಣ ಉಂಟಾದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ವಿಳಂಬಕ್ಕೆ ಸೂಕ್ತ ಕಾರಣವಿದ್ದಲ್ಲಿ ಆಯೋಗವು ಅದನ್ನು ಮನ್ನಿಸಬಹುದು.

ಇಲ್ಲಿ ಒಂದು ವ್ಯತ್ಯಾಸ ಗಮನಾರ್ಹ. ಸೇವೆಯಲ್ಲಿನ ಕೊರತೆ ಅಥವಾ ಅನುಚಿತ ವ್ಯಾಪಾರ ಪದ್ಧತಿಯ ದೂರಿನಲ್ಲಿ ಹಣ ಹಿಂತಿರುಗಿಸುವಂತೆ ಜಿಲ್ಲಾ ಆಯೋಗ ಆದೇಶಿಸಬಹುದು. ಆದರೆ ಷರತ್ತನ್ನೇ ಅನ್ಯಾಯಕರವೆಂದು ಅಸಿಂಧುಗೊಳಿಸುವ ಅಧಿಕಾರವನ್ನು ಕಾಯ್ದೆಯು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ನೀಡಿದೆ. ದೂರಿಗೆ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರ ಮೂಲಕ ರಾಜಿಗೆ ಯತ್ನಿಸಬಹುದು.

ಹೂಡಿಕೆಯ ರೂಪದ ಯೋಜನೆಗಳು

ತಂಗುವ ಹಕ್ಕನ್ನು ಬಳಸದಿದ್ದವರಿಗೆ ಅವಧಿಯ ಕೊನೆಯಲ್ಲಿ ಹೆಚ್ಚಿನ ಮೊತ್ತ ಹಿಂತಿರುಗಿಸುವುದಾಗಿ ಹೇಳುವ ಯೋಜನೆಗಳು ಬೇರೆಯೇ ವರ್ಗಕ್ಕೆ ಸೇರುತ್ತವೆ. ಪ್ಯಾನ್‌ಕಾರ್ಡ್ ಕ್ಲಬ್ಸ್ ಸಂಸ್ಥೆಯ ಇಂತಹ ಯೋಜನೆಯು ನೋಂದಣಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು ಸೆಬಿ ತೀರ್ಮಾನಿಸಿ, 2016ರಲ್ಲಿ ಹೂಡಿಕೆದಾರರ ಹಣ ಹಿಂತಿರುಗಿಸಲು ಆದೇಶಿಸಿತು. ಸಂಸ್ಥೆಯೇ ಕುಸಿದಾಗ ಆದೇಶ ದೊರೆತರೂ ಹಣ ಕೈಸೇರುವುದು ಆಸ್ತಿಗಳ ಹರಾಜನ್ನು ಅವಲಂಬಿಸುತ್ತದೆ.

ಇತರ ದೇಶಗಳಲ್ಲಿ

ಯೂರೋಪಿಯನ್ ಒಕ್ಕೂಟದ 2008ರ ನಿರ್ದೇಶನವು ಕಾರಣ ನೀಡದೆ ಹಿಂದೆ ಸರಿಯಲು 14 ದಿನಗಳ ಅವಕಾಶ ಕಲ್ಪಿಸಿ, ಆ ಅವಧಿಯಲ್ಲಿ ಮುಂಗಡ ಪಡೆಯುವುದನ್ನು ನಿಷೇಧಿಸಿದೆ. ಬ್ರಿಟನ್ನಿನ ರಜಾ ಕಾರವಾನ್ ಪಾರ್ಕ್‌ಗಳಲ್ಲಿಯೂ ಇದನ್ನೇ ಹೋಲುವ ತೊಡಕಿದೆ. ಅಲ್ಲಿ ಕಾರವಾನ್ ಸದಸ್ಯನದು, ಅದು ನಿಂತಿರುವ ನೆಲ ಪಾರ್ಕ್‌ನದು. ಮಾರಾಟಕ್ಕೆ ಪಾರ್ಕ್‌ನ ಒಪ್ಪಿಗೆ ಮತ್ತು ಕಮಿಷನ್ ಬೇಕಾಗುತ್ತದೆ. ಕಾರವಾನ್‌ಗೆ ವಯೋಮಿತಿ ಇರುವ ಪಾರ್ಕ್‌ಗಳಲ್ಲಿ ವರ್ಷ ಕಳೆದಂತೆ ಅದರ ಬೆಲೆ ವೇಗವಾಗಿ ಇಳಿಯುತ್ತದೆ. ಶಾಶ್ವತ ವಾಸದ ಮನೆಗಳಿಗೆ ಮೊಬೈಲ್ ಹೋಮ್ಸ್ ಕಾಯ್ದೆ, 1983 ನೀಡುವ ಭದ್ರತೆ ರಜಾ ಕಾರವಾನ್‌ಗಳಿಗೆ ಅನ್ವಯಿಸುವುದಿಲ್ಲ.

ಅಗತ್ಯ ದಾಖಲೆಗಳು

ನಿರ್ಗಮನದ ವಿವಾದಗಳಲ್ಲಿ ಒಪ್ಪಂದಪತ್ರ, ಪಾವತಿ ರಸೀದಿಗಳು, ಮಾರಾಟದ ವೇಳೆ ನೀಡಿದ ಕರಪತ್ರ, ಕೊಠಡಿ ನಿರಾಕರಿಸಿದ ಸಂದೇಶಗಳು ಮತ್ತು ರದ್ದತಿ ಕೋರಿಕೆಯ ಪ್ರತಿ ಮುಖ್ಯ ಸಾಕ್ಷ್ಯಗಳಾಗಿವೆ. ಮೌಖಿಕ ಭರವಸೆಗಳನ್ನು ಸಾಬೀತುಪಡಿಸುವುದು ಕಠಿಣವಾದ್ದರಿಂದ, ಲಿಖಿತ ಕೋರಿಕೆಯ ದಿನಾಂಕವು ಗಡುವು ಮತ್ತು ಕಾಲಮಿತಿ ಎರಡರ ಲೆಕ್ಕಕ್ಕೂ ನಿರ್ಣಾಯಕವಾಗುತ್ತದೆ.