ಸೊಲ್ಲಾಪುರ–ಅಕ್ಕಲಕೋಟದಲ್ಲಿ ಗುಂಪು ವಸತಿ: ಮುಂಗಡ ಕೊಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕನ್ನಡ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಸಮಾವೇಶ, ಸಾಹಿತ್ಯ ಸಮ್ಮೇಳನ, ಶಿಕ್ಷಕರ ಕಾರ್ಯಾಗಾರ, ಮದುವೆ ಮುಂತಾದ ಸಂದರ್ಭಗಳಲ್ಲಿ ಕಲಬುರಗಿ, ವಿಜಯಪುರ, ಪುಣೆ, ಬೆಂಗಳೂರುಗಳಿಂದ ಬರುವ ಅತಿಥಿಗಳಿಗೆ ಹತ್ತಿಪ್ಪತ್ತು ಕೊಠಡಿಗಳನ್ನು ಒಟ್ಟಿಗೆ ಹಿಡಿಯಬೇಕಾಗುತ್ತದೆ. ಇದು ಒಂದು ಕುಟುಂಬ ಒಂದು ಕೊಠಡಿ ಹಿಡಿದಂತಲ್ಲ. ಇಲ್ಲಿ ಮುಂಗಡ ದೊಡ್ಡದು, ಷರತ್ತುಗಳು ಬೇರೆ. ಆ ಮುಂಗಡ ನಮ್ಮ ಶಾಲೆಗಳ ಮಟ್ಟಿಗೆ ಮಗ್ಗದಲ್ಲಿ ದುಡಿಯುವ, ಹೊಲದ ಕೂಲಿಗೆ ಹೋಗುವ ಪಾಲಕರ ವಂತಿಗೆಯಿಂದ ಬಂದದ್ದು.

ಮೊದಲು ನೋಡಬೇಕಾದದ್ದು ಪಂಚಾಂಗವನ್ನು. ಸಂಕ್ರಾಂತಿಯ ಹೊತ್ತಿಗೆ ನಡೆಯುವ ಸಿದ್ಧರಾಮೇಶ್ವರರ ಗಡ್ಡಾ ಯಾತ್ರೆಯ ದಿನಗಳಲ್ಲಿ ಸೊಲ್ಲಾಪುರದಲ್ಲಿ ಕೊಠಡಿ ಸಿಗುವುದು ಕಷ್ಟ. ಆಷಾಢ ಏಕಾದಶಿಗೆ ಪಂಢರಪುರದ ಜನಸಂದಣಿ, ನವರಾತ್ರಿಯಿಂದ ಕೋಜಾಗಿರಿ ಹುಣ್ಣಿಮೆಯವರೆಗೆ ತುಳಜಾಪುರಕ್ಕೆ ನಡೆದುಹೋಗುವವರ ಸಂದಣಿ ಈ ನಗರವನ್ನು ತುಂಬುತ್ತವೆ. ಅಕ್ಕಲಕೋಟದಲ್ಲಿ ಯುಗಾದಿಯ ಮರುದಿನ ಸ್ವಾಮಿ ಸಮರ್ಥರ ಪ್ರಕಟ ದಿನ, ಚೈತ್ರ ಬಹುಳ ತ್ರಯೋದಶಿಗೆ ಪುಣ್ಯತಿಥಿ, ಮುಂದೆ ಗುರುಪೂರ್ಣಿಮೆ, ದತ್ತ ಜಯಂತಿ. ಪ್ರತಿ ಗುರುವಾರವೂ ಹುಣ್ಣಿಮೆಯೂ ಅಲ್ಲಿ ಚಿಕ್ಕ ಜಾತ್ರೆಯೇ. ಕಾರ್ಯಕ್ರಮದ ದಿನಾಂಕ ನಮ್ಮ ಕೈಯಲ್ಲಿದ್ದರೆ ಸೋಮವಾರದಿಂದ ಬುಧವಾರದೊಳಗಿನ ದಿನವನ್ನು ಆರಿಸಿಕೊಳ್ಳುವುದು ಲೇಸು. ಬಾಡಿಗೆಯಲ್ಲಿ ರಿಯಾಯಿತಿ ಕೇಳಲೂ ಧೈರ್ಯ ಬರುತ್ತದೆ.

ಎರಡು ಊರುಗಳ ನಡುವೆ ಸುಮಾರು 40 ಕಿಲೋಮೀಟರ್ ಅಂತರವಿದೆ. ಅಕ್ಕಲಕೋಟದಲ್ಲಿ ವಟವೃಕ್ಷ ದೇವಸ್ಥಾನದ ಭಕ್ತ ನಿವಾಸ, ಅನ್ನಛತ್ರ ಮಂಡಳದ ಯಾತ್ರಿ ನಿವಾಸಗಳಿವೆ. ಇವು ಮೂಲತಃ ಯಾತ್ರಿಕರಿಗಾಗಿ ಇರುವವು. ಆದ್ದರಿಂದ ಒಂದೇ ಗುಂಪಿಗೆ ಎಷ್ಟು ಕೊಠಡಿಗಳನ್ನು ಮೊದಲೇ ಕಾಯ್ದಿರಿಸಿ ಕೊಡುತ್ತಾರೆ ಎಂಬುದನ್ನು ನೇರವಾಗಿ ಕಚೇರಿಗೆ ಹೋಗಿ ವಿಚಾರಿಸಬೇಕು. ರೈಲಿನಲ್ಲಿ ಬರುವವರಿಗೆ ಇನ್ನೊಂದು ಮಾತು: ಅಕ್ಕಲಕೋಟ ರೋಡ್ ನಿಲ್ದಾಣವು ಊರಿನಿಂದ ಹತ್ತು ಕಿಲೋಮೀಟರಿಗೂ ದೂರದಲ್ಲಿದೆ. ಹಿರಿಯರು ಹೆಚ್ಚಿರುವ ಗುಂಪಿಗೆ ಸೊಲ್ಲಾಪುರ ನಿಲ್ದಾಣದ ಆಸುಪಾಸಿನ ವಸತಿಗೃಹಗಳೇ ಅನುಕೂಲ.

ಒಪ್ಪಂದದಲ್ಲಿ ಏನಿರಬೇಕು

ಬಾಯಿಮಾತಿನ ಒಪ್ಪಂದ ಇಪ್ಪತ್ತು ಕೊಠಡಿಗಳಿಗೆ ಸಾಲದು. ಶಾಲೆಯ ಅಥವಾ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪತ್ರ ಕೊಟ್ಟು, ವ್ಯವಸ್ಥಾಪಕರ ಸಹಿ ಮತ್ತು ಮುದ್ರೆಯಿರುವ ಉತ್ತರ ಪಡೆಯಬೇಕು. ಮುಂಗಡಕ್ಕೆ ಪಾವತಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬಾರದು.

ಅತ್ಯಂತ ಮುಖ್ಯವಾದ ಷರತ್ತು, ನಮ್ಮವರು ಬಹುತೇಕ ಕೇಳದೇ ಬಿಡುವ ಷರತ್ತು, ಕೊಠಡಿ ಮರಳಿಸುವ ಗಡುವು. ಇಂಥ ದಿನಾಂಕದೊಳಗೆ ಬೇಡವಾದ ಕೊಠಡಿಗಳನ್ನು ದಂಡವಿಲ್ಲದೆ ಬಿಟ್ಟುಕೊಡಬಹುದು ಎಂದು ಬರೆಸಿಕೊಳ್ಳಬೇಕು. ಉದಾಹರಣೆಗೆ 60 ಜನರಿಗೆ, ಮೂವರಿಗೊಂದರಂತೆ 20 ಕೊಠಡಿಗಳು, ದಿನಕ್ಕೆ 1,500 ರೂಪಾಯಿ, ಎರಡು ರಾತ್ರಿ ಎಂದಿಟ್ಟುಕೊಳ್ಳೋಣ. ಬಾಡಿಗೆ 60,000, ಶೇ. 5 ತೆರಿಗೆ 3,000. ತಲೆಗೆ 1,050 ರೂಪಾಯಿ. ಕೊನೆಗೆ 18 ಜನ ಬರಲಿಲ್ಲ, ಆರು ಕೊಠಡಿ ಖಾಲಿ ಉಳಿದವು ಎನ್ನಿ. ಗಡುವಿನ ಷರತ್ತು ಇಲ್ಲದಿದ್ದರೆ 18,900 ರೂಪಾಯಿ ಹೊರೆ ಉಳಿದ 42 ಜನರ ಮೇಲೆ ಬಿದ್ದು, ಪ್ರತಿಯೊಬ್ಬರೂ 450 ರೂಪಾಯಿ ಹೆಚ್ಚು ತೆರಬೇಕಾಗುತ್ತದೆ. ಮೂರು ಮಕ್ಕಳ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಖಚಿತವಾಗಿ ಬರುವವರ ಲೆಕ್ಕಕ್ಕೆ ಮಾತ್ರ ಮುಂಗಡ ಕೊಟ್ಟು, ಉಳಿದವನ್ನು ಗಡುವಿನವರೆಗೆ ಹಿಡಿದಿಡಲು ಕೇಳುವುದು ವಿವೇಕ.

ಇನ್ನೊಂದು, ದಿನದ ಲೆಕ್ಕ. ಕೆಲವೆಡೆ ಬಂದ ಹೊತ್ತಿನಿಂದ 24 ತಾಸು, ಕೆಲವೆಡೆ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ. ಹಾಸನ–ಸೊಲ್ಲಾಪುರ ಎಕ್ಸ್‌ಪ್ರೆಸ್, ಮುಂಬೈಯಿಂದ ಬರುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಎರಡೂ ಬೆಳಗ್ಗೆ ತಲುಪುವ ಗಾಡಿಗಳು. ಮಧ್ಯಾಹ್ನದ ಲೆಕ್ಕವಿರುವಲ್ಲಿ ಬೆಳಗಿನ ಸ್ನಾನಕ್ಕಾಗಿಯೇ ಒಂದು ದಿನದ ಬಾಡಿಗೆ ಹೋದೀತು. ಅಂಥಲ್ಲಿ ಎರಡು ಕೊಠಡಿಗಳನ್ನು ಮಾತ್ರ ಬೆಳಗ್ಗೆಯೇ ತೆರೆದುಕೊಡುವಂತೆ ಮಾತನಾಡಿಕೊಳ್ಳಬಹುದು. ಹೆಚ್ಚುವರಿ ಹಾಸಿಗೆಯ ದರ, ಬಿಸಿನೀರಿನ ಸಮಯ, ಬಸ್ ನಿಲ್ಲಿಸುವ ಜಾಗ, ಚಾಲಕನ ಮಲಗುವ ವ್ಯವಸ್ಥೆ ಇವನ್ನೂ ಪತ್ರದಲ್ಲಿ ಸೇರಿಸಬೇಕು.

ತೆರಿಗೆಯ ವಿಷಯದಲ್ಲಿ ಗೊಂದಲ ಬೇಡ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೊಠಡಿಗೆ ಜಿಎಸ್‌ಟಿ ಶೇ. 5, ಅದಕ್ಕೆ ಮೊದಲು ಶೇ. 12 ಇತ್ತು. ನೋಂದಾಯಿತ ಧಾರ್ಮಿಕ ಟ್ರಸ್ಟ್‌ಗಳು ದೇವಸ್ಥಾನದ ಆವರಣದಲ್ಲಿ ಕೊಡುವ, ದಿನಕ್ಕೆ 1,000 ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೊಠಡಿಗೆ ತೆರಿಗೆಯೇ ಇಲ್ಲ. ಹೇಳಿದ ದರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಬರೆಸಿಕೊಂಡರೆ ಕೊನೆಯ ದಿನದ ವಾದ ತಪ್ಪುತ್ತದೆ.

ಹೆಸರಿನ ಪಟ್ಟಿ ಮತ್ತು ಮಕ್ಕಳ ವಸತಿ

ವಸತಿಗೃಹದವರು ವಯಸ್ಕರೆಲ್ಲರ ಗುರುತಿನ ಚೀಟಿ ಕೇಳುತ್ತಾರೆ. ನಮ್ಮಲ್ಲಿ ಒಂದು ವಿಶೇಷ ತೊಡಕಿದೆ: ಶಾಲೆಯ ದಾಖಲೆಯಲ್ಲಿ ಕನ್ನಡ ಹೆಸರು, ಆಧಾರ್‌ನಲ್ಲಿ ಮರಾಠಿ ರೂಪ, ಇಂಗ್ಲಿಷ್‌ನಲ್ಲಿ ಮೂರನೆಯದು. ಪಟ್ಟಿಯನ್ನು ಆಧಾರ್‌ನಲ್ಲಿರುವಂತೆಯೇ ಸಿದ್ಧಪಡಿಸಿ, ಪಾಲಕರಿಗೆ ಕೊಡುವ ಪ್ರತಿಯನ್ನು ಕನ್ನಡದಲ್ಲಿ ಬರೆಯಬೇಕು. ಷರತ್ತುಗಳು ಮರಾಠಿಯಲ್ಲಿದ್ದರೆ ಅವನ್ನೂ ಕನ್ನಡದಲ್ಲಿ ಓದಿ ಹೇಳಬೇಕು. ಹಣ ಕೊಟ್ಟವರಿಗೆ ತಿಳಿಯುವ ಭಾಷೆಯಲ್ಲಿ ಲೆಕ್ಕ ಸಿಗುವುದು ಉಪಕಾರವಲ್ಲ, ಹಕ್ಕು.

ವಿದ್ಯಾರ್ಥಿಗಳನ್ನು ಕರೆದೊಯ್ಯುವುದಾದರೆ ಶಿಕ್ಷಣಾಧಿಕಾರಿಗಳ ಪೂರ್ವಾನುಮತಿಯೂ ಪಾಲಕರ ಲಿಖಿತ ಒಪ್ಪಿಗೆಯೂ ಕೈಯಲ್ಲಿರಬೇಕು. ಹೆಣ್ಣುಮಕ್ಕಳ ಕೊಠಡಿಗಳು ಒಂದೇ ಮಹಡಿಯಲ್ಲಿ, ಒಂದೇ ಸಾಲಿನಲ್ಲಿದ್ದು, ಸಾಲಿನ ಎರಡೂ ತುದಿಗಳಲ್ಲಿ ಶಿಕ್ಷಕಿಯರ ಅಥವಾ ತಾಯಂದಿರ ಕೊಠಡಿಗಳಿರುವಂತೆ ನೋಡಿಕೊಳ್ಳಬೇಕು. ಬಾಗಿಲಿನ ಒಳಚಿಲಕ ಸರಿಯಿದೆಯೇ, ತುರ್ತು ಮೆಟ್ಟಿಲಿಗೆ ಬೀಗ ಹಾಕಿಲ್ಲವೇ ಎಂಬುದನ್ನು ಮುಂಗಡ ಕೊಡುವ ದಿನವೇ ಕಣ್ಣಾರೆ ನೋಡಬೇಕು. ಮೊಬೈಲ್‌ನಲ್ಲಿ ಬಂದ ಚಿತ್ರಗಳು ಇದಕ್ಕೆ ಸಾಲವು. ಕೊಠಡಿಗಳ ಬೀಗದ ಕೈಗಳನ್ನು ಮಕ್ಕಳಿಗೆ ಕೊಡದೆ ಆಯಾ ಕೊಠಡಿಯ ಹೊಣೆ ಹೊತ್ತ ಹಿರಿಯರಿಗೆ ಸಹಿ ಪಡೆದು ಕೊಡಬೇಕು.