ಡಯಾಲಿಸಿಸ್ ನಡುವೆ ಕುಸಿಯುವ ಬಿ.ಪಿ.: ತಡೆಯುವ ದಾರಿಗಳು ಬೆಳೆದ ಬಗೆ

ಡಯಾಲಿಸಿಸ್ ಶುರುವಾಗಿ ಎರಡು-ಮೂರು ಗಂಟೆ ಕಳೆದಿರುತ್ತದೆ. ರೋಗಿಗೆ ಆಕಳಿಕೆ, ಬೆವರು, ವಾಕರಿಕೆ. ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಬಿ.ಪಿ. ಇಳಿದಿದೆ. ನೀರು ತೆಗೆಯುವುದನ್ನು ನಿಲ್ಲಿಸಿ, ಕಾಲು ಎತ್ತರಿಸಿ, ಸಲೈನ್ ಕೊಟ್ಟರೆ ಸಾಮಾನ್ಯವಾಗಿ ಚೇತರಿಕೆ. ಆದರೆ ಹೊರತೆಗೆಯಬೇಕಿದ್ದ ನೀರು ಮೈಯಲ್ಲೇ ಉಳಿಯಿತು!

ಮೂಲ ತೊಡಕು ಸರಳ. ಯಂತ್ರ ನೀರನ್ನು ಹಿಂಡುವುದು ರಕ್ತದಿಂದ. ಹೆಚ್ಚುವರಿ ನೀರಿನ ಬಹುಪಾಲು ಇರುವುದು ಅಂಗಾಂಶಗಳಲ್ಲಿ. ಅಲ್ಲಿಂದ ರಕ್ತನಾಳಕ್ಕೆ ನೀರು ಮರಳುವುದು ನಿಧಾನ. ಅಷ್ಟರಲ್ಲಿ ರಕ್ತದಲ್ಲಾಗುವ ಕೊರತೆಯನ್ನು ಹೃದಯವೂ ರಕ್ತನಾಳಗಳೂ ಸರಿದೂಗಿಸಬೇಕು. ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದವರಲ್ಲಿ ಆ ಶಕ್ತಿಯೇ ಕುಂದಿರುತ್ತದೆ.

1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ದೀರ್ಘಕಾಲದ ಡಯಾಲಿಸಿಸ್‌ಗೆ ದಾರಿ ತೆರೆದರು. 1964ರಲ್ಲಿ ರಕ್ತ ಶುದ್ಧೀಕರಿಸಲು ಬಳಸುವ ದ್ರಾವಣದಲ್ಲಿ ಬೈಕಾರ್ಬನೇಟ್ ಬದಲು ಅಸಿಟೇಟ್ ಬಂತು. ತಯಾರಿಸಲು ಸುಲಭ, ಆದರೆ ಅದು ರಕ್ತನಾಳಗಳನ್ನು ಸಡಿಲಿಸುತ್ತಿತ್ತು. 1976ರಲ್ಲಿ ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್, ಶುದ್ಧೀಕರಣ ಬದಿಗಿಟ್ಟು ನೀರನ್ನಷ್ಟೇ ತೆಗೆದರೆ ರೋಗಿಗಳು ಚೆನ್ನಾಗಿ ತಾಳಿಕೊಳ್ಳುತ್ತಾರೆಂದು ತೋರಿಸಿದರು. ಅನುಮಾನ ದ್ರಾವಣದತ್ತ ತಿರುಗಿತು. 1980ರ ದಶಕದಲ್ಲಿ ಬೈಕಾರ್ಬನೇಟ್ ಮರಳಿ ಬಂತು.

ಅದೇ ದಶಕದ ಆರಂಭದಲ್ಲಿ ಇಟಲಿಯ ಮಜೋರೆ ತಂಡ ದ್ರಾವಣದ ಉಷ್ಣತೆ ತುಸು ತಗ್ಗಿಸಿದರೆ ರಕ್ತನಾಳಗಳು ಬಿಗಿಯಾಗಿ ಒತ್ತಡ ಕುಸಿಯದೆ ನಿಲ್ಲುತ್ತದೆಂದು ಕಂಡುಕೊಂಡಿತು. ದ್ರಾವಣದ ಸೋಡಿಯಂ ಏರಿಸುವ ಪ್ರಯೋಗವೂ ನಡೆಯಿತು. ಬಿ.ಪಿ. ಕುಸಿಯದೆ ನಿಂತಿತು, ಆದರೆ ಬಾಯಾರಿಕೆ ಹೆಚ್ಚಿ, ಮುಂದಿನ ಸರದಿಗೆ ತೂಕ ಇನ್ನಷ್ಟು ಏರಿತು. ಕೆಲವರಿಗೆ ಸರದಿಗೆ ಮುಂಚೆ ಬಿ.ಪಿ. ಏರಿಸುವ ಮಿಡೊಡ್ರಿನ್ ಮಾತ್ರೆ ಕೊಡುವ ರೂಢಿ ಬೆಳೆಯಿತು.

ಆಮೇಲೆ ಉಪಕರಣಗಳ ಸರದಿ. ರಕ್ತದ ಗಾತ್ರ ಅಳೆದು ನೀರು ತೆಗೆಯುವ ವೇಗವನ್ನು ತಾನೇ ಹೊಂದಿಸುವ ಯಂತ್ರ 2002ರ ಇಟಲಿಯ ಅಧ್ಯಯನದಲ್ಲಿ ಕುಸಿತವನ್ನು ಸುಮಾರು ಶೇ. 30ರಷ್ಟು ತಗ್ಗಿಸಿತು. ಆದರೆ 2005ರ ಅಮೆರಿಕದ ಕ್ಲೈಂಬ್ ಅಧ್ಯಯನದಲ್ಲಿ ರಕ್ತದ ಗಾತ್ರ ಗಮನಿಸಿ ಚಿಕಿತ್ಸೆ ಕೊಟ್ಟ ಗುಂಪಿನಲ್ಲೇ ಆಸ್ಪತ್ರೆ ದಾಖಲಾತಿಯೂ ಸಾವೂ ಹೆಚ್ಚು. ಹೃದಯಾಘಾತ, ಪಾರ್ಶ್ವವಾಯುಗಳಂಥ ಅನಾಹುತಗಳನ್ನು ತಂಪು ದ್ರಾವಣ ತಡೆದೀತೇ ಎಂದು ಕೆನಡಾದ ಒಂಟಾರಿಯೊದಲ್ಲಿ 84 ಕೇಂದ್ರಗಳ, 15 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 2022ರಲ್ಲಿ ಬಂದ ಉತ್ತರ: ಇಲ್ಲ. ಚಳಿಯ ದೂರು ಮಾತ್ರ ಹೆಚ್ಚಿತು.

ಈ ನಡುವೆ ಕುಸಿತ ಬರೀ ಅಸೌಖ್ಯವಲ್ಲ ಎಂಬುದು ಸ್ಪಷ್ಟವಾಗಿತ್ತು. ಆ ಹೊತ್ತಿನಲ್ಲಿ ಹೃದಯದ ಸ್ನಾಯು ಅಲ್ಲಲ್ಲಿ ಮಂಕಾಗುವುದನ್ನು ಇಂಗ್ಲೆಂಡಿನ ಮ್ಯಾಕ್‌ಇಂಟೈರ್ ತಂಡ ತೋರಿಸಿತು. ಗಂಟೆಗೆ, ಕಿಲೋ ತೂಕಕ್ಕೆ 13 ಮಿ.ಲೀ. ಮೀರಿ ನೀರು ತೆಗೆಯುವುದಕ್ಕೂ ಸಾವಿನ ಅಪಾಯಕ್ಕೂ ನಂಟಿದೆಯೆಂದು 2011ರ ವಿಶ್ಲೇಷಣೆ ಹೇಳಿತು. 60 ಕಿಲೋ ತೂಕದವರಿಗೆ ನಾಲ್ಕು ಗಂಟೆಯಲ್ಲಿ ಅದು ಸುಮಾರು 3.1 ಲೀಟರ್. ನಾಲ್ಕು ಲೀಟರ್ ತೆಗೆಯಬೇಕಿದ್ದರೆ ಐದು ಗಂಟೆ ದಾಟಬೇಕು.

ಹೀಗೆ ನಿಧಾನವಾಗಿ, ಹೆಚ್ಚು ಹೊತ್ತು ನೀರು ತೆಗೆಯುವುದನ್ನು ಫ್ರಾನ್ಸಿನ ತಾಸಾಂ ಕೇಂದ್ರ ಮೊದಲೇ ನಡೆಸಿ ತೋರಿಸಿತ್ತು: ವಾರಕ್ಕೆ ಮೂರು ಬಾರಿ, ಎಂಟೆಂಟು ಗಂಟೆ, ಜೊತೆಗೆ ಉಪ್ಪು ಕಡಿಮೆ ಊಟ. ನಮ್ಮಲ್ಲಿ ವಾರಕ್ಕೆ ಎರಡೇ ಸರದಿ ಪಡೆಯುವವರು ಬಹಳ. ನಡುವಿನ ದಿನಗಳಲ್ಲಿ ಉಪ್ಪಿನಕಾಯಿ, ಹಪ್ಪಳ, ಮತ್ತೆ ಮತ್ತೆ ನೀರು; ಅದೆಲ್ಲ ನಾಲ್ಕೇ ಗಂಟೆಯಲ್ಲಿ ಹೊರಬರಬೇಕು. ಆರು ದಶಕಗಳ ಉಪಾಯಗಳಲ್ಲಿ ಬೈಕಾರ್ಬನೇಟ್ ಗಟ್ಟಿಯಾಗಿ ಉಳಿಯಿತು, ತಂಪು ದ್ರಾವಣ ಕೆಲವರಿಗೆ ನೆರವಾಯಿತು. ಆದರೂ ಉಪ್ಪು ಮತ್ತು ಸಮಯದ ಲೆಕ್ಕವನ್ನು ತಪ್ಪಿಸಿಕೊಂಡು ಹೋಗುವ ಯಂತ್ರ ಇನ್ನೂ ಬಂದಿಲ್ಲ. ಹಾಗಾಗಿ ಡ್ರೈ ವೇಟ್ (ಹೆಚ್ಚುವರಿ ನೀರಿಲ್ಲದ ತೂಕ) ಆಗಾಗ ಪರಿಶೀಲಿಸುವುದು, ಬೇಕಾದಾಗ ಸರದಿಯನ್ನು ಅರ್ಧ ಗಂಟೆ ಹಿಗ್ಗಿಸುವುದು ಇಂದಿಗೂ ಮೊದಲ ಮದ್ದು.